ಸೊಂಟದ ಆಯುಧವನ್ನು ಆರಿಸುವುದು ಹೇಗೆ? ಕ್ಲಾಂಗಿನ ಕೆರಿಸ್‌ನಿಂದ ಪಿಸ್ತೂಲಿನವರೆಗೆ



ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಗೇಮ್ ಆಡುವವರ ನಡುವೆ ಒಂದು ವಾದ ಮುಗಿಯುವುದೇ ಇಲ್ಲ: ಯಾವ ಪಿಸ್ತೂಲು ಬೆಸ್ಟು? ಒಬ್ಬ "ಪಾಯಿಂಟ್ ನಲವತ್ತೈದು, ಒಂದೇ ಏಟು ಸಾಕು" ಅಂತಾನೆ. ಇನ್ನೊಬ್ಬ "ಒಂಬತ್ತು ಎಂಎಂ, ಗುಂಡು ಜಾಸ್ತಿ" ಅಂತಾನೆ. ಗೇಮಿನಲ್ಲಿ ಉತ್ತರ ಸುಲಭ, ಯಾಕಂದ್ರೆ ಪರದೆಯ ಮೇಲೆ ಪ್ರತಿ ಆಯುಧದ ಮುಂದೆ ಒಂದು ಅಂಕಿ ಬರೆದಿರುತ್ತದೆ. ನಿಜವಾದ ಸೈನ್ಯಗಳು ಇದೇ ಪ್ರಶ್ನೆಗೆ ನೂರಿಪ್ಪತ್ತು ವರ್ಷಗಳಿಂದ ಉತ್ತರ ಹುಡುಕುತ್ತಿವೆ, ಕೊಟ್ಟ ಉತ್ತರವನ್ನು ಮತ್ತೆ ಮತ್ತೆ ಬದಲಾಯಿಸುತ್ತಿವೆ. ಉತ್ತರ ತಪ್ಪಾದಾಗ ಬೆಲೆ ತೆತ್ತವರು ಸಮಿತಿಯಲ್ಲಿ ಕೂತವರಲ್ಲ, ಆಯುಧವನ್ನು ಸೊಂಟಕ್ಕೆ ಕಟ್ಟಿಕೊಂಡು ಹೋದವರು.

ಈ ಪಾಠವನ್ನು ನಾವು ಇರುವ ಜಾಗದಿಂದಲೇ ಶುರು ಮಾಡಬಹುದು. ಮಲೇಷ್ಯಾ ಸರ್ಕಾರದ ಯಾವುದಾದರೂ ಕಾಗದ ನಿಮ್ಮ ಹತ್ತಿರ ಇದ್ದರೆ ಮೇಲಿನ ಲಾಂಛನವನ್ನು ಒಮ್ಮೆ ನೋಡಿ. ಎರಡು ಹುಲಿಗಳ ನಡುವಿನ ಗುರಾಣಿಯಲ್ಲಿ, ಎಲ್ಲಕ್ಕಿಂತ ಮೇಲಿನ ಕೆಂಪು ಪಟ್ಟಿಯಲ್ಲಿ, ಐದು ಕಠಾರಿಗಳು ಸಾಲಾಗಿ ನಿಂತಿವೆ. ಅವೇ ಕೆರಿಸ್. ಜೊಹೊರ್, ಕೆಡಾ, ಕೆಲಾಂತನ್, ಪೆರ್ಲಿಸ್, ತೆರೆಂಗಾನು ಎಂಬ ಐದು ರಾಜ್ಯಗಳ ಗುರುತು ಅವು. ಒಂದು ಕಾಲಕ್ಕೆ ಈ ದೇಶದ ಒಂದು ರಿಂಗಿಟ್ ನಾಣ್ಯದ ಮೇಲೂ ಕೆರಿಸ್ ಇತ್ತು. ಆ ನಾಣ್ಯವನ್ನು 2005ರಲ್ಲಿ ಹಿಂದಕ್ಕೆ ಪಡೆದರು. ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಚಿಕ್ಕ ಆಯುಧವೊಂದು ಸರ್ಕಾರಿ ಕಾಗದದವರೆಗೆ ಬಂದಿದೆ ಅಂದರೆ, ಇಲ್ಲಿನವರು ಅದನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ.

ಮೊದಲು, ಸೊಂಟದ ಆಯುಧ ಎಂದರೇನು?

ಸೈನಿಕನ ಮುಖ್ಯ ಆಯುಧ ಬೇರೆ. ಹಿಂದೆ ಈಟಿ, ಬಿಲ್ಲು, ಆಮೇಲೆ ಕೋವಿ, ಈಗ ರೈಫಲ್. ಸೊಂಟದ ಆಯುಧ ಎರಡನೆಯದು. ಮುಖ್ಯ ಆಯುಧ ಕೈಜಾರಿದಾಗ, ಕೆಟ್ಟಾಗ, ಗುಂಡು ಖಾಲಿಯಾದಾಗ, ಅಥವಾ ಅದನ್ನು ತಿರುಗಿಸಲು ಜಾಗವೇ ಇಲ್ಲದಷ್ಟು ಹತ್ತಿರಕ್ಕೆ ಎದುರಾಳಿ ಬಂದಾಗ ಕೈ ಹೋಗುವುದು ಅದರ ಕಡೆಗೆ. ಟ್ಯಾಂಕ್ ಓಡಿಸುವವನು, ಸಿಗ್ನಲ್ ಕೆಲಸದವನು, ವೈದ್ಯ, ಅಧಿಕಾರಿ ಇಂಥವರ ಎರಡೂ ಕೈಗೆ ಬೇರೆ ಕೆಲಸ ಇರುವುದರಿಂದ ಎಷ್ಟೋ ಸಲ ಅವರಿಗೆ ಅದೊಂದೇ ಆಯುಧ.

ಇಂದು ಈ ಮಾತು ಕೇಳಿದ ತಕ್ಷಣ ಪಿಸ್ತೂಲು ನೆನಪಿಗೆ ಬರುತ್ತದೆ. ಹಿಂದೆ ಹಾಗಿರಲಿಲ್ಲ. ಕತ್ತಿ, ಬಾಕು, ಕಠಾರಿ, ಬಯೊನೆಟ್ ಎಲ್ಲವೂ ಸೊಂಟದ ಆಯುಧಗಳೇ. ಸಾಮಾನ್ಯ ಸಿಪಾಯಿಗೆ ಎರಡನೇ ಮಹಾಯುದ್ಧದವರೆಗೂ ಬಯೊನೆಟ್ಟೇ ಗತಿ. ರಿವಾಲ್ವರ್ ಹೆಚ್ಚಾಗಿ ಅಧಿಕಾರಿಗಳ ಸೊಂಟದಲ್ಲಿರುತ್ತಿತ್ತು.

ಇಲ್ಲಿಂದಲೇ ಮೊದಲ ಪಾಠ ಹೊರಡುತ್ತದೆ. ಸೊಂಟದ ಆಯುಧವನ್ನು ಆರಿಸುವುದು ಒಳ್ಳೆಯ ದಿನಕ್ಕಲ್ಲ. ಎಲ್ಲ ಲೆಕ್ಕ ತಪ್ಪಿ ಹೋದ ಮೂರು ನಾಲ್ಕು ಸೆಕೆಂಡುಗಳಿಗೆ ಆರಿಸುವುದು. ಆ ಹೊತ್ತಿನಲ್ಲಿ ಕೈ ನಡುಗುತ್ತಿರುತ್ತದೆ, ಉಸಿರು ಏರಿರುತ್ತದೆ, ಕಣ್ಣು ಎದುರಾಳಿಯನ್ನು ಬಿಟ್ಟು ಇನ್ನೇನನ್ನೂ ನೋಡುವುದಿಲ್ಲ. ಹಾಗಾಗಿ "ಯಾವ ಆಯುಧಕ್ಕೆ ಶಕ್ತಿ ಜಾಸ್ತಿ?" ಎಂದು ಕೇಳಿದರೆ ಸಾಲದು. "ಆ ಸ್ಥಿತಿಯಲ್ಲಿರುವ ಮನುಷ್ಯ ಯಾವುದನ್ನು ಸರಿಯಾಗಿ ಬಳಸಬಲ್ಲ?" ಎಂದು ಕೇಳಬೇಕು. ಮುಂದೆ ಬರುವ ಉದಾಹರಣೆಗಳಲ್ಲಿ ಈ ಎರಡು ಪ್ರಶ್ನೆಗಳ ಜಗಳವನ್ನೇ ನೋಡುತ್ತೀರಿ.

ಕ್ಲಾಂಗ್ ಮತ್ತು ಕೊಡಗು: ಜಾಗಕ್ಕೆ ತಕ್ಕ ಆಯುಧ

ಕ್ಲಾಂಗ್ ಬಂದರಿನಿಂದ ಕೊಮ್ಯೂಟರ್ ರೈಲು ಹಿಡಿದು ಕ್ಲಾಂಗ್ ಊರಿಗೆ ಬಂದರೆ ಹಳೆಯ ಎರಡು ಗುರುತುಗಳು ಸಿಗುತ್ತವೆ. ಒಂದು, 1857ರಲ್ಲಿ ಕಟ್ಟಿದ ರಾಜಾ ಅಬ್ದುಲ್ಲಾನ ಉಗ್ರಾಣ. ಇನ್ನೊಂದು, ಕೋಟಾ ರಾಜಾ ಮಹ್ದಿ. ಮಲಯ ಭಾಷೆಯ "ಕೋಟಾ" ಬೇರೇನಲ್ಲ, ನಮ್ಮ ಕೋಟೆಯೇ. ತವರದ ಸುಂಕಕ್ಕಾಗಿ ಈ ಇಬ್ಬರ ನಡುವೆ ಹೊತ್ತಿಕೊಂಡ ಜಗಳ 1867ರಿಂದ 1874ರವರೆಗೆ ಸೆಲಾಂಗೊರ್ ಅಂತರ್ಯುದ್ಧವಾಗಿ ನಡೆಯಿತು. ಆಗ ಈಗಿನ ಬಂದರು ಇರಲಿಲ್ಲ. ಅದು ಪೋರ್ಟ್ ಸ್ವೆಟೆನ್‌ಹ್ಯಾಮ್ ಎಂಬ ಹೆಸರಿನಲ್ಲಿ ಶುರುವಾದದ್ದು 1901ರಲ್ಲಿ. ಅಂದಿನ ಕ್ಲಾಂಗ್ ಅಂದರೆ ನದಿ, ಕಾಂಡ್ಲಾ ಗಿಡಗಳ ಕೆಸರು, ದೋಣಿ, ಮರದ ಕಂಬಗಳ ಮೇಲೆ ನಿಂತ ಮನೆ.

ಇಂಥ ಕಡೆ ಉದ್ದನೆಯ ಕತ್ತಿಯನ್ನು ಬೀಸುವುದು ಎಲ್ಲಿ? ದೋಣಿಯಲ್ಲಿ ಬೀಸಿದರೆ ಸಮತೋಲ ತಪ್ಪುತ್ತದೆ. ಮನೆಯೊಳಗೆ ಬೀಸಿದರೆ ಕಂಬಕ್ಕೆ ತಾಗುತ್ತದೆ. ಕೆರಿಸ್ ಬೀಸುವ ಆಯುಧ ಅಲ್ಲ, ಚುಚ್ಚುವ ಆಯುಧ. ಅಲಗು ಸಾಮಾನ್ಯವಾಗಿ ಒಂದು ಅಡಿಗಿಂತ ತುಸು ಹೆಚ್ಚು. ಹಿಡಿಯು ಅಲಗಿಗೆ ಓರೆಯಾಗಿ ಕೂತಿರುತ್ತದೆ, ಪಿಸ್ತೂಲಿನ ಹಿಡಿಯ ಹಾಗೆ. ಕೈ ಮುಂದೆ ಚಾಚಿದರೆ ಮೊನೆ ತಾನಾಗಿ ಎದುರಿಗೆ ನೇರವಾಗುತ್ತದೆ. ಅಲಗು ನೇರವಾಗಿರಬಹುದು, ಹಾವಿನಂತೆ ಬಳುಕಿರಬಹುದು. ಬಳುಕುಗಳ ಸಂಖ್ಯೆ ಯಾವಾಗಲೂ ಬೆಸ. ಕಟ್ಟಿಕೊಳ್ಳುವ ರೀತಿಯೂ ಊರಿಂದ ಊರಿಗೆ ಬೇರೆ: ಜಾವಾದವರು ಬೆನ್ನ ಹಿಂದೆ ಸಿಕ್ಕಿಸಿಕೊಂಡರೆ, ಮಲಯದವರು ಎಡಗಡೆ ಮುಂದಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಬಲಗೈ ಅಡ್ಡ ಬಂದು ಒಂದೇ ಚಲನೆಯಲ್ಲಿ ಸೆಳೆಯಬಹುದು.

ನಮ್ಮ ಕೊಡಗಿನಲ್ಲೂ ಇಂಥದೇ ಲೆಕ್ಕ ಕಾಣುತ್ತದೆ. ಕುಪ್ಯ ತೊಟ್ಟ ಕೊಡವರ ನಡುವಿಗೆ ಕಟ್ಟಿದ ಕೆಂಪು ಚೇಲೆಯಲ್ಲಿ ಮುಂದೆ ಪೀಚೆಕತ್ತಿ ಇರುತ್ತದೆ: ಚಿಕ್ಕದು, ಬೆಳ್ಳಿ ಕೆಲಸದ್ದು, ತಕ್ಷಣ ಕೈಗೆಟುಕುವಂಥದ್ದು. ಬೆನ್ನ ಹಿಂದೆ ತೊಡಂಗ್ ಎಂಬ ಕೊಂಡಿಯಲ್ಲಿ ಒಡಿಕತ್ತಿ ನೇತಾಡುತ್ತದೆ: ಅಗಲವಾದ, ಬಾಗಿದ, ಭಾರದ ಅಲಗು. ದಟ್ಟ ಕಾಡಿನಲ್ಲಿ ದಾರಿ ಮಾಡಿಕೊಳ್ಳಲೂ ಅದೇ, ಕಾಳಗಕ್ಕೂ ಅದೇ. ಮುಂದಿನದು ತಕ್ಷಣಕ್ಕೆ, ಹಿಂದಿನದು ಬಲಕ್ಕೆ. ಒಂದೇ ಆಯುಧದಿಂದ ಎರಡೂ ಕೆಲಸ ಮಾಡಿಸಲು ಹೋಗಿಲ್ಲ.

ಎರಡೂ ಕಡೆ ಯಾವ ಸಮಿತಿಯೂ ಕೂತು ಆರಿಸಲಿಲ್ಲ. ತಲೆಮಾರುಗಳ ಅನುಭವವೇ ಆರಿಸಿತು. ಜಾಗ, ಮೈಕಟ್ಟು, ಉಡುಪು, ದಿನದ ಕೆಲಸ ಇವೆಲ್ಲ ಸೇರಿ ಆಯುಧದ ಅಳತೆಯನ್ನು ನಿರ್ಧರಿಸಿದವು. ಸಮಿತಿಗಳ ಕಾಲ ಬಂದದ್ದು ಆಮೇಲೆ. ಅವುಗಳಲ್ಲಿ ಅತ್ಯಂತ ಹೆಸರಾದ ಸಮಿತಿ ಹುಟ್ಟಿದ್ದು, ಕೆರಿಸ್‌ನ ದಾಯಾದಿ ಕತ್ತಿಗಳ ಕಾರಣದಿಂದಲೇ.

ಫಿಲಿಪ್ಪೀನ್ಸ್: ಗುಂಡಿನ ಗಾತ್ರದ ಪ್ರಶ್ನೆ

1899ರಿಂದ ಅಮೆರಿಕದ ಸೈನ್ಯ ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಯುದ್ಧಕ್ಕಿಳಿಯಿತು. ದಕ್ಷಿಣದ ಸುಲು, ಮಿಂಡನಾವೊ ದ್ವೀಪಗಳ ಮೊರೊ ಜನ ಕೆರಿಸ್‌ನ ದೊಡ್ಡ ರೂಪವಾದ ಕಲಿಸ್, ಎಲೆಯಾಕಾರದ ಬಾರೊಂಗ್ ಹಿಡಿದು ಪೊದೆಯಿಂದ ಒಮ್ಮೆಲೇ ಮೇಲೆ ಬೀಳುತ್ತಿದ್ದರು. ಅಮೆರಿಕನ್ನರ ಸೊಂಟದಲ್ಲಿದ್ದದ್ದು .38 ಕೋಲ್ಟ್ ರಿವಾಲ್ವರ್. (ಈ ಅಂಕಿ ಇಂಚಿನ ಭಾಗ. .38 ಅಂದರೆ ಸುಮಾರು 9 ಮಿಲಿಮೀಟರ್ ದಪ್ಪದ ಗುಂಡು, .45 ಅಂದರೆ ಸುಮಾರು 11.5.) ಗುಂಡು ತಗುಲಿದರೂ ಮನುಷ್ಯ ನಿಲ್ಲುತ್ತಿಲ್ಲ ಎಂಬ ದೂರು ಮೇಲಿಂದ ಮೇಲೆ ಬಂತು. 1905ರಲ್ಲಿ ಸಮಾರ್ ದ್ವೀಪದಲ್ಲಿ ತಪ್ಪಿಸಿಕೊಳ್ಳಲು ಹೋರಾಡಿದ ಒಬ್ಬ ಕೈದಿಗೆ ಹತ್ತಿರದಿಂದ ನಾಲ್ಕು ಗುಂಡು ಬಿದ್ದರೂ ಅವನು ಬೀಳಲಿಲ್ಲ. ಕೊನೆಗೆ ಕೋವಿಯ ಹಿಡಿಯಿಂದ ಹೊಡೆದು ಬೀಳಿಸಬೇಕಾಯಿತು. ಈ ಘಟನೆಯನ್ನು ಸೈನ್ಯದ ವೈದ್ಯರು ದಾಖಲಿಸಿದ್ದಾರೆ. ಹಳೆಯ .45 ರಿವಾಲ್ವರ್‌ಗಳನ್ನು ಉಗ್ರಾಣದಿಂದ ತೆಗೆದು ಮತ್ತೆ ಹಂಚಿದರು.

ಇದಕ್ಕೆ ಮೊದಲೇ, 1904ರಲ್ಲಿ, ಸೈನ್ಯ ಇಬ್ಬರಿಗೆ ತನಿಖೆ ಒಪ್ಪಿಸಿತ್ತು: ಶಸ್ತ್ರ ವಿಭಾಗದ ಜಾನ್ ಥಾಂಪ್ಸನ್ ಮತ್ತು ವೈದ್ಯ ಲೂಯಿ ಲಗಾರ್ಡ್. ಅವರು ಶಿಕಾಗೊದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೆ, ಜೊತೆಗೆ ಮನುಷ್ಯರ ಶವಗಳ ಮೇಲೆ ಬೇರೆ ಬೇರೆ ಗಾತ್ರದ ಗುಂಡುಗಳನ್ನು ಹಾರಿಸಿ ನೋಡಿದರು. ಓದುವಾಗ ಮೈ ಜುಮ್ಮೆನ್ನುವ ಪರೀಕ್ಷೆ ಅದು. ಗುಂಡು .45ಕ್ಕಿಂತ ಚಿಕ್ಕದಿರಬಾರದು ಎಂದು ಶಿಫಾರಸು ಮಾಡಿದರು. ಆ ದಾರಿಯಲ್ಲೇ ಜಾನ್ ಬ್ರೌನಿಂಗ್ ರೂಪಿಸಿದ .45 ಪಿಸ್ತೂಲು 1911ರ ಮಾರ್ಚ್ 29ರಂದು ಸೈನ್ಯಕ್ಕೆ ಆಯ್ಕೆಯಾಯಿತು. ಎಂ1911 ಎಂಬ ಆ ಪಿಸ್ತೂಲು 1985ರವರೆಗೆ ಅಮೆರಿಕದ ಅಧಿಕೃತ ಸೊಂಟದ ಆಯುಧವಾಗಿತ್ತು.

ಕತೆ ಇಲ್ಲಿಗೆ ಮುಗಿದಿದ್ದರೆ "ದೊಡ್ಡ ಗುಂಡೇ ಬೆಸ್ಟು" ಎಂದು ಬರೆದು ಎದ್ದು ಹೋಗಬಹುದಿತ್ತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಜನ ಅದನ್ನು ಮರೆತರು. ದೊಡ್ಡ ಗುಂಡೂ ಸರಿಯಾದ ಜಾಗಕ್ಕೆ ತಗುಲದಿದ್ದರೆ ಮನುಷ್ಯನನ್ನು ಖಂಡಿತವಾಗಿ ನಿಲ್ಲಿಸುತ್ತದೆ ಅನ್ನಲಾಗದು, ಆದ್ದರಿಂದ ಪಿಸ್ತೂಲು ಹಿಡಿದವರಿಗೆ ಗುರಿಯ ಅಭ್ಯಾಸವನ್ನು ಬಿಡದೆ ಮಾಡಿಸಬೇಕು ಎಂಬುದು ಆ ಮಾತಿನ ಸಾರ.

ಯಾಕೆ ಹೀಗೆ ಅಂತ ನಾವೇ ಒಂದು ಲೆಕ್ಕ ಮಾಡಿ ನೋಡೋಣ. ಪಿಯುಸಿ ಫಿಸಿಕ್ಸ್ ಸಾಕು. .45 ಗುಂಡಿನ ತೂಕ ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 250 ಮೀಟರ್. ಗುಣಿಸಿದರೆ ಸಂವೇಗ ಸುಮಾರು 3.75. ಎದುರಾಳಿಯ ತೂಕ 70 ಕಿಲೋ ಅಂದುಕೊಳ್ಳಿ. ಗುಂಡು ಅವನ ಮೈಯಲ್ಲೇ ನಿಂತುಬಿಟ್ಟಿತು ಅಂತಲೂ ಇಟ್ಟುಕೊಳ್ಳಿ. 3.75ನ್ನು 70ರಿಂದ ಭಾಗಿಸಿದರೆ ಸೆಕೆಂಡಿಗೆ 5 ಸೆಂಟಿಮೀಟರ್ ಚಿಲ್ಲರೆ. ಅಂದರೆ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡಿ ಬರುವವನ ವೇಗ 3.95ಕ್ಕೆ ಇಳಿಯಿತು, ಅಷ್ಟೇ! ಸಿನಿಮಾದಲ್ಲಿ ಗುಂಡು ತಗುಲಿದವನು ಹಿಂದಕ್ಕೆ ಹಾರಿ ಗೋಡೆಗೆ ಬೀಳುವುದು ಶುದ್ಧ ಸುಳ್ಳು. ಪಿಸ್ತೂಲಿನ ಗುಂಡು ಮನುಷ್ಯನನ್ನು ತಳ್ಳಿ ನಿಲ್ಲಿಸುವುದಿಲ್ಲ. ಗಾಯ ಎಲ್ಲಿ, ಎಷ್ಟು ಆಳಕ್ಕೆ ಆಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಾಗಾಗಿ ಗುಂಡಿನ ಗಾತ್ರ ಲೆಕ್ಕದ ಒಂದು ಸಾಲು ಮಾತ್ರ, ಇಡೀ ಲೆಕ್ಕವಲ್ಲ.

ಬ್ರಿಟಿಷರು ಉಲ್ಟಾ ದಾರಿ ಹಿಡಿದರು

ಅಮೆರಿಕ ದೊಡ್ಡ ಗುಂಡಿನ ಕಡೆ ಹೋದರೆ, ಬ್ರಿಟಿಷ್ ಸೈನ್ಯ ಮೊದಲ ಮಹಾಯುದ್ಧದ ನಂತರ ಚಿಕ್ಕದರ ಕಡೆ ಬಂತು. ಆ ಯುದ್ಧದಲ್ಲಿ ಅವರ ಸೊಂಟದಲ್ಲಿದ್ದದ್ದು .455 ವೆಬ್ಲಿ ರಿವಾಲ್ವರ್, ತೂಕ ಸುಮಾರು 1.1 ಕಿಲೋ, ಒದೆತ ಜೋರು. ಪಳಗಿದವನ ಕೈಯಲ್ಲಿ ಒಳ್ಳೆಯದೇ. ಆದರೆ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಬರುವವರು ಗುಮಾಸ್ತರು, ಮೇಷ್ಟ್ರುಗಳು, ರೈತರು. ಅವರನ್ನು ಪಳಗಿಸಲು ವರ್ಷಗಟ್ಟಲೆ ಸಮಯವೂ ಇಲ್ಲ, ಅಭ್ಯಾಸಕ್ಕೆ ಬೇಕಾದಷ್ಟು ಗುಂಡೂ ಇಲ್ಲ. ಅದಕ್ಕೇ 1930ರ ದಶಕದ ಆರಂಭದಲ್ಲಿ .38 ಎನ್‌ಫೀಲ್ಡ್ ರಿವಾಲ್ವರ್ ತಂದರು. ತೂಕ ಮುಕ್ಕಾಲು ಕಿಲೋ ಆಸುಪಾಸು. ಕಡಿಮೆ ಅಭ್ಯಾಸದಲ್ಲಿ ಹೆಚ್ಚು ಜನ ಗುರಿಗೆ ಹೊಡೆಯಬೇಕು ಎಂಬುದೇ ಅದರ ಹಿಂದಿನ ಯೋಚನೆ.

ಚಿಕ್ಕ ಗುಂಡಿನ ಕೊರತೆ ತುಂಬಲು 200 ಗ್ರೇನ್ (ಸುಮಾರು 13 ಗ್ರಾಂ) ತೂಕದ, ನಿಧಾನವಾಗಿ ಹೋಗುವ ಬರೀ ಸೀಸದ ಗುಂಡು ಇಟ್ಟರು. ಇಲ್ಲಿ ಕಾನೂನು ಅಡ್ಡ ಬಂತು. ಮೈಯೊಳಗೆ ಅರಳುವ ಅಥವಾ ಚಪ್ಪಟೆಯಾಗುವ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಎಂದು 1899ರ ಹೇಗ್ ಘೋಷಣೆ ಹೇಳುತ್ತದೆ. ಈ ವಿವಾದದ ಮೂಲ ನಮ್ಮ ದೇಶದಲ್ಲೇ ಇದೆ: ಕೋಲ್ಕತ್ತದ ಹತ್ತಿರದ ದಮ್‌ದಮ್ ಕಾರ್ಖಾನೆಯಲ್ಲಿ ತಯಾರಾದ ಅಂಥ ಗುಂಡಿಗೆ ಲೋಕವೆಲ್ಲ "ದಮ್‌ದಮ್" ಎಂದೇ ಹೆಸರಿಟ್ಟಿತು. ಬರೀ ಸೀಸದ ಗುಂಡು ಈ ನಿಯಮವನ್ನು ಮುರಿಯಬಹುದು ಎಂಬ ಅಳುಕಿನಿಂದ, ಎರಡನೇ ಮಹಾಯುದ್ಧ ಶುರುವಾಗುವ ಮೊದಲೇ, ಲೋಹದ ಕವಚವಿದ್ದ 178 ಗ್ರೇನ್ ಗುಂಡಿಗೆ ಬದಲಾಯಿಸಿದರು. ಆಯುಧ ಅದೇ, ಗುಂಡು ಬೇರೆ, ಹಳೆಯ ಲೆಕ್ಕ ಕೆಟ್ಟಿತು.

ಇನ್ನೊಂದು ತಿದ್ದುಪಡಿಯೂ ಆಯಿತು. ಟ್ಯಾಂಕಿನ ಇಕ್ಕಟ್ಟಿನಲ್ಲಿ ಹತ್ತಿ ಇಳಿಯುವಾಗ ರಿವಾಲ್ವರಿನ ಹಿಂದಿನ ಸುತ್ತಿಗೆಯ ಕೊಕ್ಕೆ ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತಿತ್ತು. 1938ರಲ್ಲಿ ಆ ಕೊಕ್ಕೆಯನ್ನೇ ತೆಗೆದುಬಿಟ್ಟರು. ಸಿಕ್ಕಿಕೊಳ್ಳುವುದು ತಪ್ಪಿತು, ಆದರೆ ಇನ್ನು ಪ್ರತಿ ಗುಂಡಿಗೂ ಟ್ರಿಗರನ್ನು ಗಟ್ಟಿಯಾಗಿ ದೂರದವರೆಗೆ ಎಳೆಯಬೇಕು. ಅದರಿಂದ ಗುರಿ ಅಲುಗುತ್ತದೆ. ಟ್ಯಾಂಕಿನವನ ಕಷ್ಟಕ್ಕೆ ಮಾಡಿದ ಪರಿಹಾರ ಉಳಿದವರಿಗೆ ಹೊರೆಯಾಯಿತು. ಎಲ್ಲರಿಗೂ ಒಂದೇ ಆಯುಧ ಅಂದಾಗ ಹೀಗಾಗುತ್ತದೆ.

ಈ ಕಾಲಕ್ಕೆ ಕನ್ನಡಿಗರೂ ಈ ನೆಲದಲ್ಲಿದ್ದರು. ಮೈಸೂರು ಸಂಸ್ಥಾನದ 1ನೇ ಮೈಸೂರು ಇನ್‌ಫೆಂಟ್ರಿ ಸಿಂಗಾಪುರದ ರಕ್ಷಣೆಗೆ ಬಂದಿತ್ತು. 1942ರ ಜನವರಿ 11ರಂದು ಕೌಲಾಲಂಪುರ ಜಪಾನೀಯರ ವಶವಾಯಿತು, ಫೆಬ್ರವರಿ 15ರಂದು ಸಿಂಗಾಪುರ ಶರಣಾಯಿತು. ಮೈಸೂರಿನ ಸಿಪಾಯಿಗಳೂ ಉಳಿದವರೊಂದಿಗೆ ಸೆರೆಯಾದರು. ಆ ಕಾಲದ ಭಾರತೀಯ ಸಿಪಾಯಿಗಳ ರೈಫಲ್ಲಿಗೆ ಹೊಂದುತ್ತಿದ್ದದ್ದು 1907ರ ಮಾದರಿಯ ಬಯೊನೆಟ್. ಅಲಗು 17 ಇಂಚು, ಯುರೋಪಿನ ಬಯಲಿನಲ್ಲಿ ಸಾಲುಗಟ್ಟಿ ನಿಲ್ಲುವವರಿಗಾಗಿ ಮಾಡಿದ್ದು. ಯುದ್ಧದ ನಡುವೆ ಭಾರತದ ಕಾರ್ಖಾನೆಗಳಲ್ಲಿ ಅದನ್ನು 12 ಇಂಚಿಗೆ ಇಳಿಸಿದರು. ಕೆರಿಸ್‌ನ ಅಳತೆ ನೆನಪಿದೆಯಾ? ಒಂದು ಅಡಿ ಮತ್ತು ತುಸು. ಈ ಕಾಡು ಕೆಸರಿನ ಜನ ಎಷ್ಟೋ ತಲೆಮಾರುಗಳ ಹಿಂದೆ ಕಂಡುಕೊಂಡ ಅಳತೆಯ ಹತ್ತಿರಕ್ಕೇ ಕೊನೆಗೆ ಸೈನ್ಯವೂ ಬಂತು.

ಶಾಂಘೈ: ಕೈಯ ಅಳತೆ, ಅಭ್ಯಾಸದ ಅಳತೆ

ಸೊಂಟದ ಆಯುಧದ ಬಗ್ಗೆ ಅತ್ಯಂತ ಉಪಯುಕ್ತ ಪಾಠ ಬಂದದ್ದು ಯುದ್ಧಭೂಮಿಯಿಂದಲ್ಲ, ಒಂದು ಬಂದರು ನಗರದ ಪೊಲೀಸರಿಂದ. ಎರಡು ಮಹಾಯುದ್ಧಗಳ ನಡುವಿನ ಶಾಂಘೈಯಲ್ಲಿ ಅಪಹರಣ, ದರೋಡೆ, ಗುಂಡಿನ ಚಕಮಕಿ ದಿನನಿತ್ಯದ್ದು. ಅಲ್ಲಿನ ಮುನಿಸಿಪಲ್ ಪೊಲೀಸ್ ಪಡೆಯಲ್ಲಿ ಚೀನೀಯರು, ಯುರೋಪಿಯನ್ನರು, ನಮ್ಮ ಪಂಜಾಬಿನ ಸಿಖ್ಖರು ಎಲ್ಲರೂ ಇದ್ದರು. ಅವರ ತರಬೇತಿಯ ಹೊಣೆ ಹೊತ್ತ ವಿಲಿಯಂ ಫೇರ್‌ಬೇರ್ನ್ ಒಂದು ವಿಷಯ ಗಮನಿಸಿದ: ನಿಜವಾದ ಗುಂಡಿನ ಕಾಳಗಗಳು ಕೆಲವೇ ಗಜಗಳ ದೂರದಲ್ಲಿ, ಅರೆಗತ್ತಲಲ್ಲಿ, ಕ್ಷಣದಲ್ಲಿ ಮುಗಿಯುತ್ತವೆ. ಶಾಂತವಾಗಿ ನಿಂತು, ಒಂದು ಕಣ್ಣು ಮುಚ್ಚಿ ಗುರಿಹಲಗೆಗೆ ಹೊಡೆಯುವ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಾರದು.

ಅವನು ಎರಡು ಬದಲಾವಣೆ ಮಾಡಿದ. ಒಂದು, ಚಿಕ್ಕ ಕೈಯ ಚೀನೀ ಪೇದೆಗಳಿಗೆ ಚಿಕ್ಕ .380 ಪಿಸ್ತೂಲು, ದೊಡ್ಡ ಕೈಯವರಿಗೆ .45. ಬೆರಳು ಟ್ರಿಗರಿಗೆ ಸರಿಯಾಗಿ ಎಟುಕದಿದ್ದರೆ ಎಷ್ಟು ದೊಡ್ಡ ಗುಂಡಿದ್ದರೇನು? ಎರಡು, ಪಿಸ್ತೂಲಿನ ಪಕ್ಕದ ಸೇಫ್ಟಿ ಕೀಲು ಕೆಲಸ ಮಾಡದಂತೆ ಅದನ್ನು ಪಿನ್ನು ಹೊಡೆದು ಕೂರಿಸಿಬಿಟ್ಟ. ಗಾಬರಿಯಲ್ಲಿ ಜನ ಆ ಕೀಲನ್ನು ಸರಿಸುವುದನ್ನೇ ಮರೆಯುತ್ತಾರೆ ಎಂಬುದು ಅವನ ಅನುಭವ. ಬದಲಿಗೆ ಪಿಸ್ತೂಲನ್ನು ಗುಂಡಿನ ಮನೆ ಖಾಲಿಯಿಟ್ಟು ಒಯ್ಯುವುದು, ಸೆಳೆಯುವಾಗಲೇ ಗುಂಡು ಏರಿಸುವುದು ಎಂಬ ಒಂದೇ ಕ್ರಮವನ್ನು ಎಲ್ಲರಿಗೂ ರೂಢಿ ಮಾಡಿಸಿದ. ತಜ್ಞರು ಇಂದಿಗೂ ಇದರ ಸರಿತಪ್ಪು ಚರ್ಚಿಸುತ್ತಾರೆ. ನಮಗೆ ಮುಖ್ಯವಾದದ್ದು ಅವನು ಯೋಚಿಸಿದ ರೀತಿ: ಮೊದಲು ಮನುಷ್ಯನನ್ನು ನೋಡಿದ, ಆಮೇಲೆ ಆಯುಧವನ್ನು.

ಏಳು ಗಜದ ಪ್ರಶ್ನೆ

ಫಿಲಿಪ್ಪೀನ್ಸಿನ ಕತ್ತಿಯ ಮಾತು 1983ರಲ್ಲಿ ಮತ್ತೊಂದು ರೂಪದಲ್ಲಿ ಬಂತು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲ್ಲರ್ ಒಂದು ಸರಳ ಪರೀಕ್ಷೆಯನ್ನು ಬರೆದು ಪ್ರಕಟಿಸಿದ. ಚಾಕು ಹಿಡಿದವನು 21 ಅಡಿ, ಅಂದರೆ 7 ಗಜ ದೂರದಲ್ಲಿದ್ದಾನೆ. ಪಿಸ್ತೂಲು ಇನ್ನೂ ಒರೆಯಲ್ಲಿದೆ. ಯಾರು ಮುಂದು? ಆ ದೂರವನ್ನು ಓಡಿ ದಾಟಲು ಸಾಮಾನ್ಯ ಮನುಷ್ಯನಿಗೆ ಸುಮಾರು ಒಂದೂವರೆ ಸೆಕೆಂಡು ಸಾಕು. ಪಳಗಿದವನಿಗೂ ಪಿಸ್ತೂಲು ಸೆಳೆದು ಹೊಡೆಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಈಗ ಹಿಂದಿನ ಲೆಕ್ಕವನ್ನು ಇದರ ಜೊತೆ ಸೇರಿಸಿ. ಗುಂಡು ತಗುಲಿದರೂ ಓಡಿ ಬರುವವನ ವೇಗ ಕುಗ್ಗುವುದಿಲ್ಲ. ಅಂದರೆ ಇಷ್ಟು ಹತ್ತಿರದಲ್ಲಿ ಗುಂಡಿನ ಗಾತ್ರಕ್ಕಿಂತ ಒರೆ ಮುಖ್ಯ, ಪಿಸ್ತೂಲು ಕೂತಿರುವ ಜಾಗ ಮುಖ್ಯ, ಪಕ್ಕಕ್ಕೆ ಸರಿಯಲು ಕಾಲು ಕಲಿತಿರುವುದು ಮುಖ್ಯ. ಇದನ್ನು "21 ಅಡಿ ನಿಯಮ" ಎಂದು ಕರೆದು, ಅಷ್ಟು ಹತ್ತಿರ ಬಂದವರಿಗೆಲ್ಲ ಗುಂಡು ಹೊಡೆಯಬಹುದು ಅಂತ ತಪ್ಪಾಗಿ ಅರ್ಥ ಮಾಡಿಕೊಂಡವರೂ ಇದ್ದಾರೆ. ಅದು ಅಪಾಯವನ್ನು ಬೇಗ ಗುರುತಿಸಿ ದೂರ ಕಾಯ್ದುಕೊಳ್ಳಿ ಎಂಬ ಪಾಠವೇ ಹೊರತು ಕೊಲ್ಲಲು ಕೊಟ್ಟ ಪರವಾನಗಿ ಅಲ್ಲ.

ಸುತ್ತಿ ಬಂದು ಮತ್ತೆ ಒಂಬತ್ತಕ್ಕೆ

1985ರಲ್ಲಿ ಅಮೆರಿಕದ ಸೈನ್ಯ .45 ಬಿಟ್ಟು 9 ಎಂಎಂ ಬೆರೆಟ್ಟಾ ಆರಿಸಿತು. ಮಿತ್ರದೇಶಗಳೆಲ್ಲ ಒಂದೇ ಗುಂಡು ಬಳಸಬೇಕು ಎಂಬುದು ಒಂದು ಕಾರಣ. ಮ್ಯಾಗಜೀನಿನಲ್ಲಿ 7ರ ಬದಲು 15 ಗುಂಡು ಎಂಬುದು ಇನ್ನೊಂದು. ಸ್ವತಂತ್ರ ಭಾರತ ಬ್ರೌನಿಂಗ್ ಮಾದರಿಯ, 13 ಗುಂಡಿನ 9 ಎಂಎಂ ಪಿಸ್ತೂಲನ್ನು ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಿಸಿಕೊಂಡು ಬಳಸಿತು.

ಮರುವರ್ಷವೇ, 1986ರ ಏಪ್ರಿಲ್ 11ರಂದು, ಮಿಯಾಮಿಯಲ್ಲಿ ಇಬ್ಬರು ದರೋಡೆಕೋರರ ಜೊತೆಗಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತರು. ಗುಂಡು ಆಳಕ್ಕೆ ಹೋಗಲಿಲ್ಲ ಎಂದು 9 ಎಂಎಂ ಮೇಲೆ ದೂರು ಬಿತ್ತು. ಎಫ್‌ಬಿಐ 10 ಎಂಎಂ ಕಡೆ ಹೋಯಿತು. ಅದರ ಒದೆತ ಹಲವರಿಗೆ ಆಗಿಬರಲಿಲ್ಲ, .40 ಬಂತು. ಸುಮಾರು ಮೂವತ್ತು ವರ್ಷ ಸುತ್ತಾಡಿ ಕೊನೆಗೆ ಮತ್ತೆ 9 ಎಂಎಂಗೇ ಬಂದರು. ಅಷ್ಟರಲ್ಲಿ ಗುಂಡಿನ ತಯಾರಿಕೆ ಸುಧಾರಿಸಿತ್ತು. ಒದೆತ ಕಡಿಮೆ ಇರುವ ಪಿಸ್ತೂಲಿನಲ್ಲಿ ಅವರ ಜನ ಹೆಚ್ಚು ಸಲ ಗುರಿಗೆ ಹೊಡೆಯುತ್ತಿದ್ದರು. ಎನ್‌ಫೀಲ್ಡ್ ತಂದ ಬ್ರಿಟಿಷರ ಯೋಚನೆಯೂ ಇದೇ ಆಗಿತ್ತಲ್ವಾ?

2017ರಲ್ಲಿ ಅಮೆರಿಕದ ಸೈನ್ಯ ಆರಿಸಿದ ಎಂ17 ಪಿಸ್ತೂಲಿನಲ್ಲಿ ಹಿಡಿಯ ಭಾಗವನ್ನೇ ಬಿಚ್ಚಿ ಚಿಕ್ಕ, ಮಧ್ಯಮ, ದೊಡ್ಡ ಅಳತೆಗೆ ಬದಲಾಯಿಸಬಹುದು. ಈಗ ಸೈನ್ಯದಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ಎಲ್ಲರ ಕೈಯೂ ಒಂದೇ ಅಳತೆಯದಲ್ಲ. ಶಾಂಘೈಯಲ್ಲಿ ಎರಡು ಪಿಸ್ತೂಲಿನಿಂದ ಮಾಡಿದ ಕೆಲಸವನ್ನು ಇಲ್ಲಿ ಒಂದರಲ್ಲೇ ಮಾಡಿದರು.

ಹಾಗಾದರೆ ಏನೇನು ಕೇಳಬೇಕು?

ಇಷ್ಟೂ ಕತೆಯನ್ನು ಒಂದು ಪಟ್ಟಿಗೆ ಇಳಿಸಿದರೆ, ಆರಿಸುವವರು ಕೇಳಬೇಕಾದ ಪ್ರಶ್ನೆಗಳು ಹೀಗಿವೆ. ಮೇಲಿನದು ಹೆಚ್ಚು ಮುಖ್ಯ.

1. ಸೆಳೆದಾಗಲೆಲ್ಲ ಕೆಲಸ ಮಾಡುತ್ತದೆಯೇ? ಕ್ಲಾಂಗಿನಂಥ ಕಡೆ ಉಪ್ಪು ಗಾಳಿ, ಬೆವರು, ಮಳೆ ಸೇರಿ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ, ಚರ್ಮದ ಒರೆಗೆ ಬೂಷ್ಟು ಬರುತ್ತದೆ. ಒಣ ನಾಡಿನಲ್ಲಿ ಪಾಸಾದ ಆಯುಧ ಇಲ್ಲಿ ಪಾಸಾಗಲೇಬೇಕೆಂದಿಲ್ಲ.
2. ಕೈಗೆ ಕೂರುತ್ತದೆಯೇ? ಎಲ್ಲರಿಗಿಂತ ಚಿಕ್ಕ ಕೈಯವರ ಬೆರಳೂ ಟ್ರಿಗರಿಗೆ ಎಟುಕಬೇಕು.
3. ಗಾಬರಿಯಲ್ಲೂ ನೆನಪಿರುವಷ್ಟು ಸರಳವೇ?
4. ಬಿದ್ದರೆ, ಸಿಕ್ಕಿಕೊಂಡರೆ, ಒಯ್ಯುವವನಿಗೇ ಅಪಾಯವಾಗುವುದಿಲ್ಲ ತಾನೇ?
5. ಅಭ್ಯಾಸಕ್ಕೆ ಸಮಯ, ಗುಂಡು, ಗುರು ಇವೆಯೇ? ಆಯುಧ ಕೊಂಡು ಅಭ್ಯಾಸಕ್ಕೆ ಹಣ ಇಡದಿದ್ದರೆ ಆಯ್ಕೆ ಅರ್ಧ ಮಾತ್ರ ಆಗಿದೆ.
6. ಎಲ್ಲಿ ಬಳಸುವುದು? ದೋಣಿ, ಟ್ಯಾಂಕು, ಕಾಡು, ಮೆಟ್ಟಿಲು?
7. ಕಾನೂನು ಏನನ್ನುತ್ತದೆ?
8. ಗುಂಡಿನ ಗಾತ್ರ ಎಷ್ಟು?

ಹಾಸ್ಟೆಲ್ ವಾದ ಶುರುವಾಗುವುದು ಎಂಟನೇ ಪ್ರಶ್ನೆಯಿಂದ. ಅದು ಮುಖ್ಯವಲ್ಲ ಅಂತಲ್ಲ; .38 ರಿವಾಲ್ವರ್ ನಂಬಿ ಹೋದವರಿಗೆ ಆದದ್ದನ್ನು ನೋಡಿದೆವು. ಆದರೆ ಮೇಲಿನ ಏಳಕ್ಕೆ ಉತ್ತರವಿಲ್ಲದೆ ಎಂಟನೆಯದು ಯಾರನ್ನೂ ಉಳಿಸದು.

ಒರೆಯಲ್ಲೇ ಉಳಿದ ಆಯುಧ

ಇಲ್ಲಿ ಮಲಯ ಮದುವೆಗೆ ಹೋದರೆ ಮದುಮಗನ ಸೊಂಟದಲ್ಲಿ ಕೆರಿಸ್ ನೋಡಬಹುದು. ಅವನು ಆ ದಿನದ ರಾಜ. ಕೊಡಗಿನ ಮದುವೆಯಲ್ಲಿ ಒಡಿಕತ್ತಿಯಿಂದ ನೆಟ್ಟ ಬಾಳೆದಿಂಡನ್ನು ಕಡಿಯುತ್ತಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಕೊಟ್ಟ ಆಯುಧ ಪರವಾನಗಿಯ ವಿನಾಯಿತಿ ಇಂದಿಗೂ ಇದೆ. ಸದ್ಯದ ಆದೇಶದ ಅವಧಿ 2029ರ ಅಕ್ಟೋಬರ್‌ವರೆಗೆ. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾಪತಿಗಳನ್ನು ಕೊಟ್ಟ ನಾಡು ತನ್ನ ಹಳೆಯ ಸೊಂಟದ ಆಯುಧಗಳನ್ನು ಹಬ್ಬಕ್ಕೂ ಮದುವೆಗೂ ಉಳಿಸಿಕೊಂಡಿದೆ. ಯಾವ ಆಯುಧಕ್ಕಾದರೂ ಇದಕ್ಕಿಂತ ಒಳ್ಳೆಯ ನಿವೃತ್ತಿ ಸಿಗಲಾರದು.

ಕೊನೆಗೊಂದು ಎಚ್ಚರಿಕೆ, ಇಲ್ಲಿ ಓದುವವರಿಗೆ. ಮಲೇಷ್ಯಾದಲ್ಲಿ ಪರವಾನಗಿಯಿಲ್ಲದ ಬಂದೂಕಿಗೆ ಜೈಲು ಮಾತ್ರವಲ್ಲ, ಛಡಿ ಏಟಿನ ಶಿಕ್ಷೆಯೂ ಇದೆ. ನಕಲಿ ಪಿಸ್ತೂಲು ತೋರಿಸಿ ಹೆದರಿಸಿದರೂ ಅಪರಾಧವೇ. ನೆನಪಿಗೆಂದು ಕೆರಿಸ್ ಕೊಂಡರೆ ರಸೀದಿ ಇಟ್ಟುಕೊಳ್ಳಿ, ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ.

ಓದಿದ ಮೇಲೆ ಚರ್ಚೆಗೆ

ಅ) ಎನ್‌ಫೀಲ್ಡ್ ರಿವಾಲ್ವರಿನ ಕೊಕ್ಕೆ ತೆಗೆದದ್ದು ಸರಿಯೇ? ಟ್ಯಾಂಕಿನವರಿಗೆ ಬೇರೆ, ಉಳಿದವರಿಗೆ ಬೇರೆ ಕೊಟ್ಟಿದ್ದರೆ ಯಾವ ಹೊಸ ತೊಂದರೆ ಬರುತ್ತಿತ್ತು?

ಆ) 8 ಗ್ರಾಂ ತೂಕದ, ಸೆಕೆಂಡಿಗೆ 350 ಮೀಟರ್ ವೇಗದ 9 ಎಂಎಂ ಗುಂಡಿಗೆ ಸಂವೇಗದ ಲೆಕ್ಕ ಮಾಡಿ. .45ಕ್ಕೆ ಹೋಲಿಸಿದರೆ ಏನು ಕಾಣುತ್ತದೆ?

ಇ) ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಕತ್ತಿ, ಕುಡುಗೋಲು, ಕೋವಿ ಏನಾದರೂ ಇದೆಯೇ? ಊರಿಗೆ ಫೋನ್ ಮಾಡಿ ಅದರ ಹೆಸರು, ಅಳತೆ, ಕೆಲಸ ಕೇಳಿ ಬರೆದಿಡಿ. ಅಂಥ ಹೆಸರುಗಳನ್ನು ಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.